ಪಂಪಣ್ಣ ಮಾಸ್ತರ ಚಾನೆಲ್

ದೆವ್ವ, ಆತ್ಮ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಚಹಾ ಕುಡಿಯಲು ಹೋಗುತ್ತಿದ್ದೆ. ಹೊಸಪೇಟೆಯಲ್ಲಿ ಸೌಂಡ್ ಸಿಸ್ಟಮ್ ಇಟ್ಟುಕೊಂಡವನು ನಾನು. ಇಲ್ಲದ ಕಡೆಯಿಂದ ಸದ್ದು ಬಂದರೆ ಎಲ್ಲೋ ವೈರು ಲೂಸಾಗಿದೆ ಎಂದೇ ನನ್ನ ನಂಬಿಕೆ. ಈಗಲೂ ಹಾಗೆಯೇ, ಆ ಒಂದು ಸಂಜೆಯನ್ನು ಬಿಟ್ಟು.

ಮರಿಯಮ್ಮನಹಳ್ಳಿಯ ನಾಟಕ ತಂಡವೊಂದಕ್ಕೆ ವರ್ಷಗಳಿಂದ ನನ್ನದೇ ಸೌಂಡು. ಅಲ್ಲಿ ಪಂಪಣ್ಣ ಮಾಸ್ತರು ಹಾರ್ಮೋನಿಯಂ ನುಡಿಸುತ್ತಿದ್ದರು, ಅವರ ಹೆಂಡತಿ ಶಾಂತಮ್ಮ ಪಾತ್ರ ಮಾಡಿ ಹಾಡುತ್ತಿದ್ದರು. ಮಾಸ್ತರ ಪೆಟ್ಟಿಗೆಯ ಗಾಳಿ ತಿದಿಗೆ ತೂತು ಬಿದ್ದು, ಸ್ವರಕ್ಕೆ ಮೊದಲು ಸುಯ್ ಎನ್ನುತ್ತಿತ್ತು. ಮನುಷ್ಯನಿಗೋ ಎಲ್ಲದಕ್ಕೂ ಅವಸರ. ಶ್ರುತಿ ಕೊಟ್ಟಂತೆ ಮಾಡಿ ಹಾಡಿಗೆ ಓಡಿಬಿಡುವರು, ಅದಕ್ಕೆ ಹೆಂಡತಿಯಿಂದ ತಪ್ಪದೆ ಬೈಸಿಕೊಳ್ಳುವರು. ಅವರು ತೀರಿಕೊಂಡ ಮೇಲೆ ಶಾಂತಮ್ಮ ಬಣ್ಣ ಹಚ್ಚಿರಲಿಲ್ಲ. ಕಿವಿಯೂ ಮಂದವಾಗಿತ್ತು. ಕೊನೆಗೆ ತಂಡದ ಮುಂದಿನ ನಾಟಕಕ್ಕೆ ಒಪ್ಪಿದಾಗ, ಮೊದಲ ಹಾಡಿನಲ್ಲೇ ಶ್ರುತಿ ತಪ್ಪಿದರೆ ಇನ್ನು ರಂಗದ ಕಡೆ ತಲೆ ಹಾಕುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿಬಿಟ್ಟರು.

ಆ ತಂಡದಲ್ಲೊಂದು ಪದ್ಧತಿಯಿದೆ. ಯಾರಾದರೂ ತೀರಿಕೊಂಡರೆ ಮುಂದಿನ ನಾಟಕದಲ್ಲಿ ಅವರ ಜಾಗವನ್ನು ಖಾಲಿ ಬಿಡುತ್ತಾರೆ. ಮಾಸ್ತರ ಪೆಟ್ಟಿಗೆ ಮುಚ್ಚಿ ಮೇಲೆ ಮಲ್ಲಿಗೆ ಇಟ್ಟಿದ್ದರು. ಹೊಸದಾಗಿ ಬಂದ ಕೊಟ್ರೇಶಪ್ಪ ತಮ್ಮ ಹಾರ್ಮೋನಿಯಂ ಜೊತೆ ಎದುರು ಬದಿಗೆ ಕುಳಿತರು.

"ಅವರ ಲೈನ್ ಬಂದ್ ಮಾಡಬ್ಯಾಡ್ರಿ, ಇರ್ಲಿ," ಎಂದರು ಶಾಂತಮ್ಮ.

ಮಿಕ್ಸರಿನಲ್ಲಿ ಮಾಸ್ತರ ಪೆಟ್ಟಿಗೆಯ ಸದ್ದಿಗೆಂದು ಇದ್ದ ಚಾನೆಲ್ ತೆರೆದೇ ಇಟ್ಟೆ. ಅದಕ್ಕೆ ಮೈಕೂ ಇಲ್ಲ, ಕೇಬಲ್ಲೂ ಇಲ್ಲ. ನನ್ನ ಗಂಟೇನು ಹೋಗಬೇಕು?

ಡಿಜಿಟಲ್ ಮಿಕ್ಸರ್ ಎಂದರೆ ನಮ್ಮ ತುಂಗಭದ್ರಾ ಕಾಲುವೆ ಇದ್ದಂತೆ. ಯಾವ ಮೈಕಿನ ಸದ್ದು ಯಾವ ಸ್ಪೀಕರಿಗೆ ಹರಿಯಬೇಕೋ ಅದರ ತೂಬು ಎತ್ತಬೇಕು. ಜನರಿಗೆ ಕೇಳಿದ್ದೆಲ್ಲ ಕಲಾವಿದರ ಕಾಲ ಬಳಿಯ ಮಾನಿಟರ್ ಸ್ಪೀಕರಿಗೂ ಹೋಗುತ್ತದೆ ಎಂದೇನಿಲ್ಲ, ಅದರ ತೂಬು ಬೇರೆ. ಒಮ್ಮೆ ಮಾಡಿದ ಏರ್ಪಾಡನ್ನು ಉಳಿಸಿಟ್ಟು ಮತ್ತೆ ಬಳಸಬಹುದು. ಅವತ್ತು ನಾನು ಮಾಸ್ತರಿದ್ದಾಗಿನ ಹಳೆಯದನ್ನೇ ಹಾಕಿದ್ದೆ.

ಶಾಂತಮ್ಮ ಬಂದು ನಿಂತಾಗ ನೋಡುತ್ತೇನೆ, ಅವರ ಮಾನಿಟರಿಗೆ ಮಾಸ್ತರ ಚಾನೆಲ್ ಒಂದೇ ಹೋಗುತ್ತಿದೆ. ಕೊಟ್ರೇಶಪ್ಪನವರ ಶ್ರುತಿ ಅವರಿಗೆ ಕೇಳುವುದೇ ಇಲ್ಲ. ಸರಿಪಡಿಸಲು ಕೈ ಚಾಚುವಷ್ಟರಲ್ಲಿ ಮಾಸ್ತರ ಚಾನೆಲ್ಲಿನ ಹಸಿರು ದೀಪ ಹತ್ತಿತು. ಹೆಡ್‌ಫೋನಿನಲ್ಲಿ ಅದೊಂದನ್ನೇ ಕೇಳಿದೆ. ಮೊದಲು ಸುಯ್ ಎಂದಿತು. ಆಮೇಲೆ ಷಡ್ಜ, ನಿಧಾನವಾಗಿ, ಉದ್ದಕ್ಕೆ. ಶಾಂತಮ್ಮ ಸರಿಯಾಗಿ ಅದೇ ಸ್ವರಕ್ಕೆ ಹಾಡು ಎತ್ತಿಕೊಂಡರು. ಜನ ಚಪ್ಪಾಳೆ ತಟ್ಟಿದರು, ದೀಪ ಆರಿತು. ಆಮೇಲೆ ಕೊಟ್ರೇಶಪ್ಪನವರ ತೂಬು ಎತ್ತಿದೆ. ಹೆದರಿಕೆಯಾಗಲಿಲ್ಲ, ಸಂತೋಷವೇ ಆಗಿತ್ತು.

ನಾಟಕ ಮುಗಿದ ಮೇಲೆ ಆ ಚಾನೆಲ್ಲಿನ ಸಾಕೆಟ್ ನೋಡಿದೆ. ಖಾಲಿ, ಮೇಲೆ ಧೂಳು. ನನ್ನ ಎಡವಟ್ಟನ್ನು ಹೇಳಿಕೊಳ್ಳೋಣವೆಂದು ಒಳಗೆ ಹೋದರೆ, ಶಾಂತಮ್ಮ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸುತ್ತ ನಗುತ್ತಿದ್ದರು.

"ಇವತ್ತಾದ್ರೂ ಅವಸರ ಮಾಡ್ಲಿಲ್ಲ ನೋಡ್ರಿ ನಮ್ಮ ಮಾಸ್ತರು," ಎಂದರು.

ಮಿಕ್ಸರನ್ನು ಬಿಚ್ಚಿಸಿ ತೋರಿಸಿದ್ದೇನೆ, ದೋಷವೇನೂ ಸಿಗಲಿಲ್ಲ. ಶಾಂತಮ್ಮ ಈಗಲೂ ಮಸ್ತಾಗಿ ಹಾಡುತ್ತಾರೆ. ಆ ದೀಪ ಮತ್ತೆ ಹತ್ತಿಲ್ಲ. ಮದುವೆ ಸೀಜನ್ನಿನಲ್ಲಿ ಚಾನೆಲ್ ಸಾಲದೆ ಒದ್ದಾಡುವಾಗಲೂ ಅದೊಂದಕ್ಕೆ ಏನನ್ನೂ ಜೋಡಿಸುವುದಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, ಅದು ಕೆಟ್ಟಿದೆ ಎನ್ನುತ್ತೇನೆ.