ಹದಿನಾರು ಬಸ್ಸಿನ ಸಂಸಾರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಡಿಪೋದ ಹಿಂದಿನ ಅಂಗಳದಲ್ಲಿ ಬಸ್ಸುಗಳು ಒಂದರ ಬೆನ್ನಿಗೊಂದು ನಿಂತಿವೆ. ಮೊಣಕಾಲವರೆಗಿನ ರಬ್ಬರ್ ಬೂಟು ಹಾಕಿಕೊಂಡ ಹೆಂಗಸೊಬ್ಬರು ಉದ್ದ ಕೋಲಿನ ಬ್ರಷ್ಷನ್ನು ಸೋಪಿನ ನೀರಿಗೆ ಅದ್ದುತ್ತಾರೆ. ಮೊದಲು ಚಾವಣಿಯ ಅಂಚು, ಆಮೇಲೆ ಗಾಜು, ಆಮೇಲೆ ಮೈ, ಕೊನೆಗೆ ಚಕ್ರ. ಆರನೇ ಬಸ್ಸಿಗೆ ಕೊನೆಯ ಬಕೆಟ್ ನೀರು ಎರಚಿ, ಸೊಂಟ ನೆಟ್ಟಗೆ ಮಾಡಿಕೊಂಡು, "ಬಾಡಿಗೆ ಮುಗೀತು. ಇನ್ನು ದಿನಸಿ" ಎನ್ನುತ್ತಾ ಏಳನೆಯದರ ಕಡೆ ಹೆಜ್ಜೆ ಹಾಕುತ್ತಾರೆ.

ಡ್ರೈವರುಗಳೆಲ್ಲ ಇವರನ್ನು ಕರೆಯುವುದು ಹದಿನಾರಕ್ಕ ಎಂದು. ದಿನಕ್ಕೆ ಹದಿನಾರು ಬಸ್ಸು ತೊಳೆಯುತ್ತಾರೆ, ಅದಕ್ಕೇ ಆ ಹೆಸರು. ಕೂಲಿ ಬಸ್ಸಿಗಿಷ್ಟು ಎಂದು ಗೊತ್ತು ಮಾಡಿದ್ದು. ಕೆಲಸ ಮುಗಿದ ಕೂಡಲೇ ಮೇಸ್ತ್ರಿ ಗೇಟಿನ ಹತ್ತಿರ ಎಣಿಸಿ ಕೊಡುತ್ತಾನೆ. ಆದರೆ ಹದಿನಾರಕ್ಕನ ಮನೆಯಲ್ಲಿ ಯಾರೂ ದುಡ್ಡಿನ ಮಾತಾಡುವುದಿಲ್ಲ. ಎಲ್ಲದರ ಬೆಲೆಯೂ ಅಲ್ಲಿ ಬಸ್ಸಿನಲ್ಲೇ.

"ಮಗಳು ಚಿಕ್ಕವಳಿದ್ದಾಗ ಅಂಗಡೀಲಿ ಗೊಂಬೆ ಬೇಕು ಅಂತ ಹಟ ಹಿಡಿದ್ಲು" ಎಂದು ಬ್ರಷ್ಷು ನಿಲ್ಲಿಸದೆಯೇ ಹೇಳುತ್ತಾರೆ. "ಅದರ ಬೆಲೆ ಹೇಳಿದ್ರೆ ಅವಳಿಗೇನು ತಿಳಿಯುತ್ತೆ? ಅಮ್ಮ ಮೂರು ಬಸ್ಸು ತೊಳೀಬೇಕು ಕಣೇ ಅಂದೆ. ಒಂದು ಸಲ ಡಿಪೋಗೆ ಬಂದು ಬಸ್ಸು ಎಷ್ಟು ದೊಡ್ಡದು ಅಂತ ನೋಡಿದ್ಲು. ಗೊಂಬೆ ಮಾತು ಅಲ್ಲಿಗೆ ಮುಗೀತು."

ಅಡುಗೆಮನೆಯ ಬಾಗಿಲ ಪಕ್ಕ ಒಂದು ಕಪ್ಪು ಹಲಗೆ ಇದೆ. ಹೈಸ್ಕೂಲಿನ ಕೊನೆಯ ತರಗತಿಯಲ್ಲಿರುವ ಮಗಳು ದಿನವೂ ಅದರ ಮೇಲೆ ಗೆರೆ ಎಳೆಯುತ್ತಾಳೆ. ಕೂಡಿಡುವುದಕ್ಕೆ ಎರಡು ಬಸ್ಸು, ಬಾಡಿಗೆಗೆ ನಾಲ್ಕು, ದಿನಸಿಗೆ ಐದು, ಶಾಲೆಗೆ ಎರಡು, ಅಪ್ಪನ ಔಷಧಿಗೆ ಎರಡು, ದೀಪ ನೀರಿಗೆ ಒಂದು. ಕೂಡಿಡುವುದು ಎಲ್ಲಕ್ಕಿಂತ ಮೇಲಿದೆ. ಒಂದು ಕಾಲದಲ್ಲಿ ಅದು ಎಲ್ಲಕ್ಕಿಂತ ಕೆಳಗಿತ್ತು. ಆಗ ಹದಿನೈದು, ಹದಿನಾರನೇ ಬಸ್ಸು ಅದರ ಪಾಲಿಗೆ. ಬಸ್ಸು ಕೆಟ್ಟು ನಿಂತು ತೊಳೆಯಲು ಬಾರದ ದಿನ ಸಾಲಿನ ಕೊನೆಯಲ್ಲಿದ್ದದ್ದಕ್ಕೇ ಖೋತಾ.

"ಉಳಿದದ್ದು ಕೂಡಿಡ್ತೀನಿ ಅಂದ್ರೆ ಉಳಿಯೋದೇ ಇಲ್ಲ" ಎನ್ನುತ್ತಾರೆ ಹದಿನಾರಕ್ಕ. "ಅದಕ್ಕೇ ಅದನ್ನ ಮುಂದಕ್ಕೆ ತಂದೆ. ಕೈ ಕಾಲು ಗಟ್ಟಿಯಿರೋವಾಗ ತೊಳೆದ ಬಸ್ಸು ಅದಕ್ಕೆ."

ಮನೆಗೆ ಹೋದವರು ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲವೇ ಎಂದರೆ ಅವರ ಗಂಡ ಮಧ್ಯೆ ಬಾಯಿ ಹಾಕುತ್ತಾರೆ. "ನಮ್ಮನೇಲಿ ಹಾಸಿಗೆ ಸಾಕಾಗುತ್ತೆ. ಮೂರು ಜನಕ್ಕೆ ಐದೇ ಕಾಲು."

ಗಂಡ ಮನೆಗಳಿಗೆ ಬಣ್ಣ ಬಳಿಯುವವರು. ಒಮ್ಮೆ ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಬಲಗಾಲು ಮೊಣಕಾಲಿನಲ್ಲಿ ಮಡಚದಂತಾಯಿತು. ಆಗ ಸಂಸಾರ ನಾಲ್ಕನೇ ಮಹಡಿಯ ಮನೆಯಲ್ಲಿತ್ತು. ಅರವತ್ತೆಂಟು ಮೆಟ್ಟಿಲು. ಆಸ್ಪತ್ರೆಗೆ ಹೋಗಬೇಕಾದ ದಿನ ಇಬ್ಬರು ಡ್ರೈವರುಗಳು ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತಿದ್ದರು. ಉಳಿದಂತೆ ಎರಡು ವರ್ಷಕ್ಕೂ ಮೇಲೆ ಆ ಮನುಷ್ಯ ಬೀದಿ ಕಂಡದ್ದು ಕಿಟಕಿಯಿಂದಲೇ. ಬರುಬರುತ್ತಾ ಮಾತು ಕಡಿಮೆಯಾಯಿತು, ಗಡ್ಡ ಜಾಸ್ತಿಯಾಯಿತು.

ಅದೇ ಕಟ್ಟಡದ ಕೆಳಗೆ ಬೀದಿಗೆ ಬಾಗಿಲಿರುವ ಎರಡು ಕೋಣೆಯ ಮನೆಯೊಂದಿತ್ತು. ಬಾಡಿಗೆ ಮೇಲಿನದರಷ್ಟೇ, ಮುಂಗಡ ಮಾತ್ರ ಬೆಟ್ಟದಷ್ಟು. ಮೇಲಿನ ಮನೆಯ ಮುಂಗಡ ಕಳೆದರೂ ಇನ್ನೂ ಸಾವಿರದ ಇನ್ನೂರು ಬಸ್ಸು ಬೇಕು. ದಿನಕ್ಕೆ ಎರಡರಂತೆ ಆರುನೂರು ದಿನ. ಹದಿನಾರಕ್ಕ ಹಲಗೆಯ ಮೇಲಿನ ಸಾಲಿನಲ್ಲಿ 'ಕೆಳಮನೆ' ಎಂದು ಬರೆಸಿದರು. ಮೊದಲ ಎರಡು ಬಸ್ಸಿನ ದುಡ್ಡು ಗೇಟಿನಲ್ಲೇ ಬೇರೆ ಗಂಟಾಗುತ್ತಿತ್ತು, ವಾರಕ್ಕೊಮ್ಮೆ ಉಳಿತಾಯ ಸಂಘಕ್ಕೆ ಹೋಗುತ್ತಿತ್ತು, ಹಲಗೆಯಲ್ಲಿ ಎರಡು ಗೆರೆ ಬೀಳುತ್ತಿತ್ತು.

ಹೋದ ವರ್ಷದ ಕೊನೆಗೆ ಗೆರೆಗಳು ಸಾವಿರದ ಇನ್ನೂರು ಮುಟ್ಟಿದವು. ಅದೃಷ್ಟಕ್ಕೆ ಕೆಳಮನೆಯವರೂ ಅದೇ ತಿಂಗಳು ಖಾಲಿ ಮಾಡುವವರಿದ್ದರು. ಇನ್ನು ಹದಿನೈದು ದಿನದಲ್ಲಿ ಮುಂಗಡ ಕೈಗಿಡಬೇಕು, ಇಲ್ಲದಿದ್ದರೆ ಅಂಗಡಿ ಇಡಲು ಕೇಳುತ್ತಿರುವವರಿಗೆ ಕೊಡುತ್ತೇನೆ ಎಂದಳು ಮನೆಯೊಡತಿ. ಹದಿನಾರಕ್ಕ ಒಳ್ಳೆಯ ಸೀರೆ ಉಟ್ಟು ಸಂಘಕ್ಕೆ ಹೋದರು. ಗುಮಾಸ್ತ ಪುಸ್ತಕ ತಿರುವಿ ಮೊತ್ತ ಹೇಳಿದ. ಅವರು ಅಲ್ಲೇ ಬೆರಳಿನಲ್ಲಿ ಬಸ್ಸಿಗೆ ತಿರುಗಿಸಿ ನೋಡಿದರು. ಸಾವಿರದ ನೂರಾ ಹತ್ತು.

"ತೊಂಬತ್ತು ಬಸ್ಸು ಎಲ್ಲಿ ಹೋದ್ವು ಸ್ವಾಮಿ?" ಎಂದರಂತೆ.

"ಇದು ಸಂಘ ಕಣಮ್ಮ, ಡಿಪೋ ಅಲ್ಲ" ಎಂದನಂತೆ ಗುಮಾಸ್ತ.

ಮನೆಗೆ ಬಂದು ಹಲಗೆಯ ಮುಂದೆ ಕೂತು ಗೆರೆಗಳನ್ನು ಮೊದಲಿಂದ ಎಣಿಸಿದರು. ಮಗಳಿಗೆ ಅಳುವೇ ಬಂತು. "ನೀನು ಎರಡು ಅಂದ ದಿನಾನೇ ಎರಡು ಗೆರೆ ಹಾಕಿದ್ದು ಅಮ್ಮ. ಒಂದೂ ಜಾಸ್ತಿ ಹಾಕಿಲ್ಲ."

"ನಿನ್ನನ್ನ ಯಾರೇ ಅಂದ್ರು?"

ಆಗ ಕಿಟಕಿಯ ಹತ್ತಿರದಿಂದ ಗಂಡನ ದನಿ ಕೇಳಿತು. "ಮಳೆ ಬಂದ ದಿನ ಎಷ್ಟು ಹಾಕ್ತಿದ್ದೆ?"

ಮಳೆ ಬಿದ್ದ ದಿನ ಡಿಪೋದಲ್ಲಿ ಅರ್ಧ ಕೂಲಿ. ಆಕಾಶ ತೊಳೆದದ್ದಕ್ಕೆ ನಾನೇಕೆ ಕೊಡಲಿ ಎಂಬುದು ಮೇಸ್ತ್ರಿಯ ವಾದ. ಅಂಥ ದಿನ ಎರಡು ಬಸ್ಸಿನ ದುಡ್ಡೆಂದು ಹದಿನಾರಕ್ಕ ಎತ್ತಿಟ್ಟದ್ದು ಒಂದು ಬಸ್ಸಿನ ದುಡ್ಡು. ಗೆರೆ ಮಾತ್ರ ಎರಡು. ಎರಡು ವರ್ಷದಲ್ಲಿ ಮಳೆ ಬಿದ್ದ ಕೆಲಸದ ದಿನ ತೊಂಬತ್ತು.

"ಬಾಡಿಗೆ ಕಮ್ಮಿಯಾದ್ರೆ ಮನೆಯೊಡತಿ ಕೇಳ್ತಾಳೆ. ದಿನಸಿ ಕಮ್ಮಿಯಾದ್ರೆ ಹೊಟ್ಟೆ ಕೇಳುತ್ತೆ. ಮಳೆ ದಿನ ಅವಕ್ಕೆಲ್ಲ ಹೇಗೋ ತೇಪೆ ಹಾಕ್ತಿದ್ದೆ. ಕೂಡಿಟ್ಟ ದುಡ್ಡು ಮಾತ್ರ ಬಾಯಿ ಬಿಡಲಿಲ್ಲ" ಎಂದು ಈಗ ನಗುತ್ತಾರೆ. ಅವತ್ತು ನಕ್ಕಿರಲಿಲ್ಲ.

ಸಂಜೆ ಮೂವರೂ ಹಲಗೆಯ ಮುಂದೆ ಕೂತರು. ಹದಿಮೂರು ಕೆಲಸದ ದಿನ, ದಿನಕ್ಕೆ ಎರಡರಂತೆ ಇಪ್ಪತ್ತಾರು. ದಿನಸಿಯ ಐದರಲ್ಲಿ ಒಂದು ತೆಗೆದರೆ ಹದಿಮೂರು. ಡಿಪೋದ ಜೊತೆಯವಳೊಬ್ಬಳು ಮೂರು ದಿನ ರಜೆ ಹಾಕುವವಳಿದ್ದಳು. ಅವಳ ಪಾಲಿನಿಂದ ದಿನಕ್ಕೆ ಎರಡರಂತೆ ಆರು. ಒಟ್ಟು ನಲವತ್ತೈದು. ಇನ್ನೂ ಅಷ್ಟೇ ಬೇಕು.

"ನನ್ನ ಔಷಧಿ ನಿಲ್ಸು" ಎಂದರು ಗಂಡ.

"ಆ ಎರಡು ಬಸ್ಸು ಮುಟ್ಟಿದ್ರೆ ನೋಡಿ ಮತ್ತೆ."

"ಹಾಗಾದ್ರೆ ಮನೇನೇ ಬೇಡ ಬಿಡು. ಕಿಟಕಿ ಅಭ್ಯಾಸ ಆಗಿದೆ."

ಹದಿನಾರಕ್ಕ ಹಲಗೆಯಲ್ಲಿ ದಿನಸಿಯ ಐದನ್ನು ಒರೆಸಿ ನಾಲ್ಕು ಮಾಡಿದರು, ಅಷ್ಟೇ.

ವಾರ ಕಳೆದ ಮೇಲೆ ಮನೆಯೊಡತಿಯೇ ಏದುಸಿರು ಬಿಡುತ್ತಾ ಮೇಲೆ ಬಂದಳು. ನೀರು ಕುಡಿದು, ಹಲಗೆ ನೋಡಿ, ಇದೇನು ಡಿಪೋದ ವೇಳಾಪಟ್ಟಿಯೇ ಎಂದು ಕೇಳಿದಳು. ಹದಿನಾರಕ್ಕ ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದರು.

"ಪಾಪ ಅನ್ಸುತ್ತೆ ಕಣಮ್ಮ. ಆದ್ರೆ ನನಗೂ ಖರ್ಚಿದೆ. ಆ ಮನೆಗೆ ಬಣ್ಣ ಬಳಿಸ್ಬೇಕು, ಬಣ್ಣದವನು ಬಾಯಿಗೆ ಬಂದಷ್ಟು ಕೇಳ್ತಿದಾನೆ."

"ಎಷ್ಟು ಕೇಳ್ತಿದಾನೆ ಅಮ್ಮಾವ್ರೆ?" ಕಿಟಕಿಯ ಹತ್ತಿರ ಕೂತ ಗಂಡ ತಿರುಗಿದ್ದರು.

ಅವಳು ಹೇಳಿದಳು. ಮಗಳು ಮನಸ್ಸಿನಲ್ಲೇ ಭಾಗಿಸಿ, "ನಲವತ್ತೇಳು ಬಸ್ಸು ಅಪ್ಪ" ಎಂದಳು.

"ನಲವತ್ತೈದಕ್ಕೆ ನಾನು ಬಳೀತೀನಿ. ಬಣ್ಣ ನಿಮ್ಮದು, ಕೂಲಿ ಮುಂಗಡದಲ್ಲಿ ಕಳೀರಿ."

"ನೀವು ಏಣಿ ಹತ್ತೋದು ಹೇಗಪ್ಪ?"

"ಗೋಡೆಗೆ ಕೆಳಗೂ ಬಣ್ಣ ಬೇಕಲ್ವಾ? ಕೆಳಗಿಂದು ನಾನು ಸ್ಟೂಲ್ ಮೇಲೆ ಕೂತು ಬಳೀತೀನಿ. ಮೇಲಿಂದು ನನ್ನ ಮಗಳು."

ಮನೆಯೊಡತಿ ಅವರ ಕಾಲಿನತ್ತ ಒಮ್ಮೆ, ಮಗಳತ್ತ ಒಮ್ಮೆ ನೋಡಿದಳು. "ನಾಲ್ಕು ದಿನ ಕೊಡ್ತೀನಿ. ಗೋಡೆ ಮೇಲೆ ಪಟ್ಟೆ ಪಟ್ಟೆ ಕಂಡ್ರೆ ಒಂದು ಬಸ್ಸೂ ಕಳೆಯಲ್ಲ, ಮನೇನೂ ಇಲ್ಲ."

ಕೆಳಮನೆಯವರು ಖಾಲಿ ಮಾಡಿದ ಮರುದಿನ ಗಂಡ ಗಡ್ಡ ಬೋಳಿಸಿಕೊಂಡರು. ಕುರ್ಚಿ ಬೇಡವೆಂದು, ಕೂತು ಕೂತೇ ಅರವತ್ತೆಂಟು ಮೆಟ್ಟಿಲು ಇಳಿದರು. ಶಾಲೆಗೆ ಬಿಡುವಿನ ದಿನಗಳವು. ಹದಿನಾರಕ್ಕ ಡಿಪೋದಿಂದ ಬರುವಾಗ ಬಾಗಿಲಾಚೆಯಿಂದಲೇ ಗದರಿಕೆ ಕೇಳುತ್ತಿತ್ತು. "ಬ್ರಷ್ಷು ಅದ್ದು ಅಂದೆ, ಸ್ನಾನ ಮಾಡ್ಸು ಅನ್ನಲಿಲ್ಲ. ಒಂದೇ ಕೈಯಲ್ಲಿ ಎಳಿ. ನಿಲ್ಲಿಸ್ಬೇಡ, ನಿಲ್ಲಿಸಿದಲ್ಲಿ ಗೆರೆ ಬರುತ್ತೆ." ಎರಡು ವರ್ಷದ ಬಾಕಿ ಮಾತೆಲ್ಲ ಆ ನಾಲ್ಕು ದಿನದಲ್ಲಿ ಮುಗಿಯಿತೇನೋ. ಐದನೇ ದಿನ ಮನೆಯೊಡತಿ ಬಂದು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಅಂಗೈ ಸವರಿ ನೋಡಿ, ಹದಿನಾರಕ್ಕ ಕೂಡಿಸಿ ತಂದ ಮುಂಗಡ ಎಣಿಸಿಕೊಂಡು, ಬೀಗದ ಕೈ ಕೊಟ್ಟಳು.

ಆ ಸಂಜೆ ಮಗಳು ಹಲಗೆಯಲ್ಲಿ ಅಪ್ಪನ ಹೆಸರು ಬರೆದು ಅದರ ಮುಂದೆ ನಲವತ್ತೈದು ಗೆರೆ ಎಳೆದಳು. ಅಂಕಿಯಲ್ಲಿ ಒಟ್ಟಿಗೆ ಬರೆಯಬಾರದೇ ಎಂದು ಅಮ್ಮ ಕೇಳಿದರೆ ಒಪ್ಪಲಿಲ್ಲ. ಒಂದೊಂದಾಗಿಯೇ ಎಳೆದಳು. ಅಪ್ಪ ಎಣಿಸುತ್ತಾ ಕೂತಿದ್ದರು.

ಈಗ ಮೇಲಿನ ಸಾಲಿನಲ್ಲಿ ಮಗಳ ಮುಂದಿನ ಓದಿದೆ. ಮಳೆ ಬಿದ್ದ ದಿನ ಗೆರೆ ಅರ್ಧಕ್ಕೆ ನಿಲ್ಲುತ್ತದೆ. ಗಂಡ ಬೆಳಗ್ಗೆ ಕೋಲೂರಿಕೊಂಡು ಬೀದಿ ಬದಿ ಕೂರುತ್ತಾರೆ. ಬಾಗಿಲು, ಕುರ್ಚಿ, ತೊಟ್ಟಿಲು ಎಂದು ಜನ ತಂದುಕೊಟ್ಟದ್ದಕ್ಕೆ ಬಣ್ಣ ಬಳಿಯುತ್ತಾರೆ. ತಿಂಗಳಿಗೆ ಇಪ್ಪತ್ತು ಬಸ್ಸು, ಒಮ್ಮೊಮ್ಮೆ ಮೂವತ್ತು.

ಹದಿನಾರನೇ ಬಸ್ಸು ಮುಗಿಯುವಾಗ ಬಿಸಿಲು ಬಂದಿದೆ. ಮೊದಲು ತೊಳೆದವು ಆಗಲೇ ಒಂದು ಸುತ್ತು ತಿರುಗಿ ಧೂಳು ಹೊತ್ತು ಬರುತ್ತಿವೆ. ಹದಿನಾರಕ್ಕ ಬೂಟು ಕಳಚಿ ನೀರು ಬಸಿಯುತ್ತಾರೆ.

"ನಾನು ತೊಳೆದದ್ದು ಸಂಜೆಗೆ ಕೊಳೆಯಾಗುತ್ತೆ. ನಮ್ಮನೆಯವರು ಬಳಿದದ್ದು ಹತ್ತು ವರ್ಷ ಇರುತ್ತೆ" ಎನ್ನುತ್ತಾರೆ. ಬೂಟು ಗೋಡೆಗೆ ಒರಗಿಸಿ, "ಇದನ್ನ ಅವರಿಗೆ ಹೇಳ್ಬೇಡಿ. ತಮ್ಮ ಬಣ್ಣಕ್ಕೆ ಬಸ್ಸಿನ ರೇಟು ಜಾಸ್ತಿ ಮಾಡು ಅಂತಾರೆ."