ಮಾಲತಿ ವೈನಿ ಇವತ್ತ ಎಲ್ಲಿ ಕುಂತಾರ?

ನಾಲ್ಕು ಗಂಟೆಯ ಚಹಾ ಕೈಯಲ್ಲಿತ್ತು. ಒಮ್ಮೆಲೇ ತಲೆಗೆ ಬಂತು... ಬೆಳಿಗ್ಗೆಯಿಂದ ಮಾಲತಿ ವೈನಿಯನ್ನು ನಾನು ನೋಡಿಯೇ ಇಲ್ಲ.

ವೈನಿ ನಮ್ಮ ಬಿಲ್ಲಿಂಗ್ ಸೆಕ್ಷನ್ನಿನ ಹಿರಿಯರು; ಅತ್ತಿಗೆ ಅನ್ನುವ ಸಲಿಗೆಯಲ್ಲಿ ಎಲ್ಲರೂ ವೈನಿ ಅಂತಲೇ ಕರೆಯುತ್ತೇವೆ. ವಾಡಿಯಲ್ಲಿ ಸಿಮೆಂಟ್ ಲಾರಿಗಳ ಬಿಲ್ ಮಾಡುವ ಆಫೀಸು ನಮ್ಮದು. ಅವರು ಚಿತ್ತಾಪುರದಿಂದ ಬಸ್ಸಿಗೆ ಬರುತ್ತಾರೆ, ನಾನು ಶಹಾಬಾದಿನಿಂದ. ವರ್ಷಗಟ್ಟಲೆ ನನ್ನ ಪಕ್ಕದ ಟೇಬಲ್ ಅವರದೇ ಆಗಿತ್ತು.

ಈಗ ಪಕ್ಕದ ಟೇಬಲ್ ಅನ್ನುವುದೇ ಇಲ್ಲ.

ದೀಪಾವಳಿ ಆದಮೇಲೆ ಆಫೀಸನ್ನೆಲ್ಲ ಒಡೆದು ಹೊಸದು ಮಾಡಿದರು. ಫ್ಲೆಕ್ಸಿಬಲ್ ಸೀಟಿಂಗ್ ಅಂತೆ. ಬೆಳಿಗ್ಗೆ ಆ್ಯಪ್‌ನಲ್ಲಿ ಸೀಟು ಬುಕ್ ಮಾಡಿ, ಸಿಕ್ಕಲ್ಲಿ ಕೂರಬೇಕು. ಕೆಳಗೊಂದು ಹಾಲ್, ಮೇಲೊಂದು ಹಾಲ್, ಕುಂಡದಲ್ಲಿ ಗಿಡ, ಬೀನ್ ಬ್ಯಾಗು... ಅಕೌಂಟ್ಸಿನ ರೆಹಮಾನ್ ಭಾಯ್ ಅದರಲ್ಲಿ ಒಮ್ಮೆ ಕೂತರೆ ಎಬ್ಬಿಸಲು ಇಬ್ಬರು ಬೇಕು.

ಸುಳ್ಳೇಕೆ ಹೇಳಲಿ, ನನಗೂ ಇಷ್ಟವಾಗಿತ್ತು. ಕಿಟಕಿ ಪಕ್ಕದ ಬೆಳಕು, ಎಸಿ ಗಾಳಿ, ಲಾರಿ ಧೂಳಿಲ್ಲ. ಸಿಬ್ಬಂದಿಯ ಮನಸ್ಸು ಹಗುರವಾಗಲಿ ಅಂತ ಒಂದು ಕ್ವೈಟ್ ರೂಮ್ ಕೂಡ ಮಾಡಿದ್ದಾರೆ. ಒಳಗಿನವರು ಫೋನ್ ಸೈಲೆಂಟ್ ಇಡಬೇಕು, ಹೊರಗಿನವರು ಬಾಗಿಲು ಬಡಿಯಬಾರದು.

ವೈನಿಗೆ ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು.

ಆ್ಯಪ್ ತೆರೆದೆ. ಅವರ ಹೆಸರಿನ ಮುಂದೆ ಹಸಿರು ಚುಕ್ಕೆ ಇದೆ, ಅಂದರೆ ಆಫೀಸಿಗೆ ಬಂದಿದ್ದಾರೆ. ಎಲ್ಲಿ ಕೂತಿದ್ದಾರೆ ಅನ್ನುವುದನ್ನು ಪ್ರೈವಸಿ ಅಂತ ತೋರಿಸುವುದಿಲ್ಲ.

ರೆಹಮಾನ್ ಭಾಯ್‌ಗೆ ಕೇಳಿದೆ. "ಮ್ಯಾಲ ಕುಂತಿರಬೇಕು ನೋಡವ್ವ. ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಬಸ್ಸಿನ ಟೈಮಿಗೆ ಇಳೀತಾರ ತಗೋ."

ಮೇಲೆ ಹೋದೆ. ನಮ್ಮ ಸೆಕ್ಷನ್ನಿನ ನಾಗವೇಣಿ ಇದ್ದಳು.

"ಕೆಳಗ ಅದಾರಂತ ಮಾಡಿದ್ದೆ ನಾ. ಊಟಕ್ಕೂ ಕಾಣಲಿಲ್ಲ. ಇವತ್ತ ಏಕಾದಶಿ ಅಲ್ಲೇನು, ಅದಕ್ಕ ಬಂದಿಲ್ಲಂತ ಸುಮ್ಮನಾದೆ."

ಏಕಾದಶಿ... ನನಗೆ ಅದು ನೆನಪೇ ಇರಲಿಲ್ಲ.

ವೈನಿಯದು ವೈಷ್ಣವ ಮನೆತನ. ಏಕಾದಶಿಗೆ ಏನೂ ತಿನ್ನುವುದಿಲ್ಲ. ಸಕ್ಕರೆ ಕಾಯಿಲೆ ಬಂದಮೇಲೂ ಬಿಟ್ಟಿಲ್ಲ, ಡಾಕ್ಟರು ಬೈದರೂ ಬಿಟ್ಟಿಲ್ಲ. ಔಷಧಕ್ಕೆ ಉಪವಾಸ ಮುರಿಯುವುದಿಲ್ಲ ಅಂತ ಶುಗರ್ ಗುಳಿಗೆ ಮಾತ್ರ ತಪ್ಪದೆ ನುಂಗುತ್ತಾರೆ. ಖಾಲಿ ಹೊಟ್ಟೆಗೆ.

ಆ ದಿನ ಅವರನ್ನು ಊಟಕ್ಕೆ ಕರೆಯಬಾರದು, ಚಹಾ ಬೇಕಾ ಅಂತ ಕೇಳಬಾರದು. ಯಾರೂ ಹೇಳದೆ ನಮ್ಮಲ್ಲಿ ನಡೆದುಬಂದ ಮರ್ಯಾದೆ ಇದು. ನಾವು ಡಬ್ಬಿ ಬಿಚ್ಚುವ ಹೊತ್ತಿಗೆ ಅವರೇ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಹಳೆ ಆಫೀಸಿನಲ್ಲಿ ಅಷ್ಟೇ ದೂರ. ಬೆನ್ನಾದರೂ ಕಾಣುತ್ತಿತ್ತು, ಕೈ ನಡುಗಿದರೆ ನನಗೆ ತಿಳಿಯುತ್ತಿತ್ತು.

ಈಗ ದೂರ ಕೂರಬೇಕೆಂದರೆ ಇರುವುದು ಒಂದೇ ಜಾಗ.

ಕ್ವೈಟ್ ರೂಮಿನ ಗಾಜಿಗೆ ಒಳಗೆ ಕಾಣದ ಹಾಗೆ ಬಿಳಿ ಸ್ಟಿಕರ್ ಹಚ್ಚಿದ್ದಾರೆ. ಮೇಲೆ "ತೊಂದರೆ ಕೊಡಬೇಡಿ" ಅಂತ ಬೋರ್ಡು. ಅದನ್ನು ಓದಿ ನಾನು ನಿಂತುಬಿಟ್ಟೆ.

"ಬ್ಯಾಡ ಸುನೀತಾ, ಜಪ ಮಾಡ್ಲಿಕತ್ತಿರಬೇಕು" ಅಂದಳು ಹಿಂದೆ ಬಂದ ನಾಗವೇಣಿ. ದೇವರೇ, ಹಾಗೇ ಇರಲಿ ಅನ್ನಿಸಿತು. ಬೈಸಿಕೊಂಡು ಹೊರಗೆ ಬಂದರೆ ಅದಕ್ಕಿಂತ ಖುಷಿ ಬೇರೆ ಇರಲಿಲ್ಲ.

ಬಾಗಿಲು ತಳ್ಳಿದೆ.

ವೈನಿ ಬೀನ್ ಬ್ಯಾಗಿನಲ್ಲಿ ಒಂದು ಕಡೆಗೆ ವಾಲಿದ್ದಾರೆ. ಆ ತಣ್ಣನೆ ಎಸಿಯಲ್ಲೂ ಮೈಯೆಲ್ಲ ಬೆವರಿನಿಂದ ತೊಯ್ದಿದೆ. ಕಣ್ಣು ಅರ್ಧ ತೆರೆದಿದೆ, ಆದರೆ ನನ್ನನ್ನು ನೋಡುತ್ತಿಲ್ಲ. ಭುಜ ಹಿಡಿದು ಅಲುಗಾಡಿಸಿದೆ. "ಬಸ್ ಬಂತೇನ?" ಅಂದರು ತೊದಲುತ್ತಾ.

ಶುಗರ್ ಇಳಿದಿದೆ ಅನ್ನುವುದು ಗೊತ್ತಾಯಿತು, ನಮ್ಮ ಅಪ್ಪನಿಗೂ ಒಮ್ಮೆ ಹೀಗಾಗಿತ್ತು.

ನಾಗವೇಣಿ ಕೂಗಿದ್ದಕ್ಕೆ ರೆಹಮಾನ್ ಭಾಯ್ ಸಕ್ಕರೆ ನೀರು ಕಲಸಿಕೊಂಡು ಓಡಿಬಂದರು. ಬಂದವರು ಬಾಗಿಲಲ್ಲೇ ತಡೆದು ನಿಂತರು. "ಉಪಾಸ ಅಲ್ಲೇನವ್ವ ಅವರದು?"

ಲೋಟ ಕಸಿದುಕೊಂಡು ವೈನಿಯ ತುಟಿಗೆ ಹಿಡಿದೆ. ಅಷ್ಟು ಮಂಪರಿನಲ್ಲೂ ಬಾಯಿ ಬಿಗಿದು ಮುಖ ತಿರುಗಿಸಿದರು. ಅಳುವೂ ಬಂತು, ಸಿಟ್ಟೂ ಬಂತು.

"ವೈನಿ, ಔಷಧ ಅದರಿ ಇದು. ನಿಮ್ಮ ಗುಳಗಿ ಇದ್ದಂಗ. ಬಾಯಿ ತಗೀರಿ."

ಮತ್ತೆ ಅದನ್ನೇ ಹೇಳಿದೆ. ಆಮೇಲೆ ನಿಧಾನಕ್ಕೆ ಬಾಯಿ ತೆರೆದರು. ಗುಟುಕು ಗುಟುಕಾಗಿ ಕುಡಿಸಿದೆವು.

ಆಸ್ಪತ್ರೆಗೆ ಹೋಗುವಾಗ ಆಫೀಸಿನ ಜೀಪಿನಲ್ಲಿ ವೈನಿ ನನ್ನ ಕೈ ಹಿಡಿದಿದ್ದರು. ಆ ಹಿಡಿತ ಗಟ್ಟಿಯಾಗುತ್ತಾ ಬಂದಂತೆ ನನಗೂ ಉಸಿರು ಬಂತು. ಡಾಕ್ಟರು "ಇನ್ನಷ್ಟು ತಡ ಆಗಿದ್ರ..." ಅಂದು ಅಲ್ಲಿಗೇ ನಿಲ್ಲಿಸಿದರು. ಪೂರ್ತಿ ಹೇಳದಿದ್ದದ್ದೇ ಒಳ್ಳೆಯದಾಯಿತು.

ಮರುದಿನ ಎಚ್‌ಆರ್‌ನವರು ಕರೆದು ವಿಚಾರಿಸಿದರು. ಆ್ಯಪ್‌ನಲ್ಲಿ ಎಮರ್ಜೆನ್ಸಿ ಬಟನ್ ಹಾಕಿಸುತ್ತಾರಂತೆ. ಒಳ್ಳೆಯ ಮನಸ್ಸಿನವರೇ, ಬೈಯುವ ಹಾಗಿಲ್ಲ. ಆದರೆ ತಾನು ಎಲ್ಲಿದ್ದೇನೆ ಅನ್ನುವುದೇ ಗೊತ್ತಿಲ್ಲದವರು ಬಟನ್ ಒತ್ತುತ್ತಾರೆಯೇ?

ವೈನಿ ಈಗ ಕೆಲಸಕ್ಕೆ ಬರುತ್ತಿದ್ದಾರೆ. ಮುಂದಿನ ಏಕಾದಶಿಗೆ ಹಾಲು, ಹಣ್ಣು ತಗೊಳ್ಳುತ್ತೇನೆ ಅಂದಿದ್ದಾರೆ. ನನಗೆ ಪೂರ್ತಿ ನಂಬಿಕೆ ಇಲ್ಲ. ದಿನಾ ಬೆಳಿಗ್ಗೆ ಎರಡೂ ಹಾಲ್ ಸುತ್ತುತ್ತೇನೆ, ಅವರ ಮುಖ ಕಂಡಮೇಲೇ ನನ್ನ ಸೀಟಿಗೆ ಹೋಗುವುದು. ನಾಗವೇಣಿ ನಗುತ್ತಾಳೆ, ನಗಲಿ.

ನಿನ್ನೆ ತಲೆನೋವು ಅಂತ ನಾನೇ ಕ್ವೈಟ್ ರೂಮ್ ಬುಕ್ ಮಾಡಿದೆ. ಒಳಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ ಯಾಕೋ ಭಯವಾಯಿತು... ಎದ್ದು ಬಾಗಿಲು ತೆರೆದಿಟ್ಟು ಕೂತೆ.

ನೀವು ಬೆಳಿಗ್ಗೆಯಿಂದ ಕಾಣಿಸದಿದ್ದರೆ, ನಿಮ್ಮ ಆಫೀಸಿನಲ್ಲಿ ಬಾಗಿಲು ತಳ್ಳಿ ಒಳಗೆ ಬರುವವರು ಯಾರಿದ್ದಾರೆ?