ಆರಿಸಿದ ಕೈ

ಪರೀಕ್ಷಾ ಕೇಂದ್ರದ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಅಕ್ಕನದು ಒಂದೇ ಮಂತ್ರ: ಪರೀಕ್ಷೆ ಮುಗಿದ ಮೇಲೂ ಉತ್ತರಗಳು ಸದ್ದಿಲ್ಲದೆ ಮುಖ್ಯ ಕಚೇರಿಗೆ ಹೋಗುತ್ತಿರುತ್ತವೆ, ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆ ಬರುವ ತನಕ ಯಾವ ಕಂಪ್ಯೂಟರನ್ನೂ ಆರಿಸಬಾರದು. ಜೊತೆಯವರು ಅವಳನ್ನು ಹಸಿರಕ್ಕ ಎಂದೇ ಆಡಿಕೊಳ್ಳುತ್ತಿದ್ದರು.

ಅಂದು ಅಲ್ಲಿ ಅವಳ ತಂಗಿಯೂ ಪರೀಕ್ಷೆ ಬರೆದಳು. ವಯಸ್ಸು ಮೀರುತ್ತಿತ್ತು, ಇದೇ ಕೊನೆಯ ಅವಕಾಶ.

"ಬಾರೇ ಅಕ್ಕಾ, ಸಖತ್ತಾಗಿ ಬರೆದಿದೀನಿ, ಹೊಟ್ಟೆ ಹಸೀತಿದೆ!"

ಉಳಿದವೆಲ್ಲ ಹಸಿರಾಗಿದ್ದವು, ತಂಗಿಯದೊಂದೇ ಬಾಕಿ. ಹೋಗಿರುತ್ತೆ ಬಿಡು ಎಂದುಕೊಂಡು ಅಕ್ಕ ಆರಿಸಿಬಿಟ್ಟಳು.

ಫಲಿತಾಂಶದಲ್ಲಿ ತಂಗಿಗೆ ಸೊನ್ನೆ.

"ಉತ್ತರ ಹೋಗೋ ಮೊದಲೇ ಯಾರೋ ಆರಿಸಿದಾರಂತೆ. ಅವರ ಕೈ ಸೇದಿಹೋಗ! ನೀನೂ ಶಾಪ ಹಾಕೇ ಅಕ್ಕಾ."

"ಸೇದಿಹೋಗ್ಲಿ ಕಣೇ," ಎನ್ನುತ್ತ ಅಕ್ಕ ಅದೇ ಕೈಯಲ್ಲಿ ತಂಗಿಗೆ ಊಟ ಬಡಿಸಿದಳು.